ಎರಡನೆಯ ಸುತ್ತಿಗೆ ಮುನ್ನ ಬಂದ ಜೀನ್ ವರದಿ: ಮೆದುಳಿನ ಲಿಂಫೋಮಾದ ಒಂದು ಪ್ರಕರಣ

ಮೊದಲ ಸುತ್ತಿನ ಕೀಮೋಥೆರಪಿ 62 ವರ್ಷದ ಆ ಮಹಿಳೆಯನ್ನು ಹಣ್ಣುಗಾಯಿ ಮಾಡಿತ್ತು. ಬಾಯಿಯಿಂದ ಗಂಟಲಿನವರೆಗೆ ಹುಣ್ಣು, ನೀರು ನುಂಗುವುದೂ ಕಷ್ಟ, ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳ ಏರಿಕೆ. ಮೂರು ದಿನಗಳಲ್ಲಿ ಮೈಯಿಂದ ಹೊರಬೀಳಬೇಕಿದ್ದ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧ ಆರನೆಯ ದಿನದವರೆಗೂ ರಕ್ತದಲ್ಲಿ ಉಳಿದಿತ್ತು. ಎರಡನೆಯ ಸುತ್ತಿಗೆ ಇನ್ನೊಂದು ವಾರವಿರುವಾಗ ಕುಟುಂಬದವರು ಮಾಡಿಸಿದ್ದ ಜೀನ್ ಪರೀಕ್ಷೆಯ ವರದಿ ಬಂತು. ಅದರಲ್ಲಿ ಎರಡು ಸಾಲುಗಳು ಕೆಂಪು ಬಣ್ಣದಲ್ಲಿದ್ದವು. ಮಗಳ ಪ್ರಶ್ನೆ ನೇರವಾಗಿತ್ತು: "ಡಾಕ್ಟರೇ, ಅಮ್ಮನ ಜೀನ್‌ನಲ್ಲೇ ತೊಂದರೆ ಇದೆ ಅಂತಾದ ಮೇಲೆ ಔಷಧದ ಪ್ರಮಾಣ ಇಳಿಸಬೇಕಲ್ಲವೇ?"

ಈ ಬರಹವೆಲ್ಲ ಆ ಪ್ರಶ್ನೆಯ ಸುತ್ತಲಿನದು. ಮೊದಲೇ ಹೇಳಿಬಿಡುತ್ತೇನೆ, ಇದು ಯಾವುದೋ ಒಬ್ಬ ರೋಗಿಯ ಕಡತದಿಂದ ಎತ್ತಿದ್ದಲ್ಲ. ಕಲಿಕೆಗೆಂದು ಹೆಣೆದ ಪ್ರಕರಣ. ರೋಗಿಯ ವಿವರಗಳು, ಆಕೆಯ ರಕ್ತದ ಅಂಕಿಗಳು ಕಲ್ಪಿತ. ರೋಗ, ಔಷಧ, ಜೀನ್‌ಗಳು ಮತ್ತು ಪ್ರಕಟಿತ ಸಂಶೋಧನೆಗಳ ಬಗ್ಗೆ ಹೇಳಿರುವುದು ವಾಸ್ತವ.

ರೋಗ ಗೊತ್ತಾದ ಬಗೆ

ಐದಾರು ವಾರಗಳಿಂದ ಆಕೆ ಮಂಕಾಗಿದ್ದರು. ಕೇಳಿದ್ದಕ್ಕೆ ತಡವಾಗಿ ಉತ್ತರ, ಎಡಗೈಯಿಂದ ಲೋಟ ಜಾರುವುದು, ಹಿಂದೆಂದೂ ಇಲ್ಲದ ಉದಾಸೀನ. ಎಂಆರ್‌ಐ ಚಿತ್ರದಲ್ಲಿ ಮೆದುಳಿನ ಎರಡು ಅರೆಗೋಳಗಳನ್ನು ಬೆಸೆಯುವ ಕಾರ್ಪಸ್ ಕ್ಯಾಲೋಸಮ್ ಭಾಗದಲ್ಲಿ, ದ್ರವಕೋಷ್ಠಗಳಿಗೆ ಅಂಟಿಕೊಂಡಂತೆ, ಕಾಂಟ್ರಾಸ್ಟ್ ಕೊಟ್ಟಾಗ ಒಂದೇ ಸಮನೆ ಬೆಳಗುವ ಗಡ್ಡೆ ಕಾಣಿಸಿತು. ಇಂಥ ಚಿತ್ರ ನೋಡಿದಾಗ ಊತ ಇಳಿಸಲು ತಕ್ಷಣ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡಬೇಕೆನಿಸುತ್ತದೆ. ಲಿಂಫೋಮಾದ, ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರಿನ, ಶಂಕೆ ಇದ್ದರೆ, ರೋಗಿಯ ಸ್ಥಿತಿ ತಡೆದುಕೊಳ್ಳುವಂತಿದ್ದರೆ, ಬಯಾಪ್ಸಿ ಆಗುವವರೆಗೆ ಕೈ ಕಟ್ಟಿ ಕೂರುವುದೇ ಸರಿ. ಸ್ಟೀರಾಯ್ಡ್ ತಗುಲಿದೊಡನೆ ಈ ಕೋಶಗಳು ಕರಗಿ, ಸೂಜಿಗೆ ಸಿಗುವ ಅಂಗಾಂಶದಲ್ಲಿ ರೋಗದ ಕುರುಹೇ ಇಲ್ಲದಂತಾಗಬಹುದು. ಇಲ್ಲಿ ಕಾದರು. ಸ್ಟೀರಿಯೊಟ್ಯಾಕ್ಟಿಕ್ ಬಯಾಪ್ಸಿಯಲ್ಲಿ ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ ಎಂದು ಖಚಿತವಾಯಿತು. ಮೆದುಳಿನ ಪ್ರಾಥಮಿಕ ಲಿಂಫೋಮಾಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಇದೇ ಬಗೆಯವು. ದೇಹದ ಬೇರೆಡೆ ರೋಗವಿಲ್ಲ ಎಂದು ಪೆಟ್-ಸಿಟಿ ಹೇಳಿತು. ಕಣ್ಣು, ಬೆನ್ನುಹುರಿಯ ದ್ರವ, ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಗಳೂ ಮುಗಿದವು.

ಗಡ್ಡೆಯ ಡಿಎನ್‌ಎಯಲ್ಲಿ ಎಂವೈಡಿ88 ಜೀನ್‌ನ ಎಲ್265ಪಿ ಮ್ಯುಟೇಶನ್ ಸಿಕ್ಕಿತು. ಇದು ಈ ರೋಗದಲ್ಲಿ ಬಹಳ ಸಾಮಾನ್ಯ. ಮುಂದೆ ಗೊಂದಲವಾಗದಂತೆ ಇಲ್ಲೇ ಒಂದು ವ್ಯತ್ಯಾಸ ಹೇಳಬೇಕು. ಎಂವೈಡಿ88ನ ಈ ಬದಲಾವಣೆ ಇರುವುದು ಗಡ್ಡೆಯ ಕೋಶಗಳಲ್ಲಿ ಮಾತ್ರ. ಆಕೆ ಅದನ್ನು ಹುಟ್ಟುವಾಗ ತಂದದ್ದಲ್ಲ, ಮಕ್ಕಳಿಗೆ ಕೊಡುವುದೂ ಇಲ್ಲ. ಕುಟುಂಬದವರು ಆಮೇಲೆ ಮಾಡಿಸಿದ ಪರೀಕ್ಷೆ ತಂದೆತಾಯಿಯರಿಂದ ಬಂದ ಡಿಎನ್‌ಎಯದು. ಮೈಯ ಪ್ರತಿ ಕೋಶದಲ್ಲೂ ಇರುವ, ಔಷಧವನ್ನು ದೇಹ ಹೇಗೆ ಒಳಗೊಳ್ಳುತ್ತದೆ, ಹೇಗೆ ಹೊರಹಾಕುತ್ತದೆ ಎಂಬುದನ್ನು ಬದಲಿಸಬಲ್ಲ ವ್ಯತ್ಯಾಸಗಳು ಅಲ್ಲಿರುತ್ತವೆ. ಎರಡನ್ನೂ "ಜೀನ್ ವರದಿ" ಎಂದೇ ಕರೆಯುವುದರಿಂದ ಮನೆಯವರು ಒಂದನ್ನು ಇನ್ನೊಂದೆಂದು ಓದುವುದು ತೀರ ಸಾಮಾನ್ಯ. ಈ ಮಗಳೂ ಹಾಗೆಯೇ ಓದಿದ್ದಳು, "ಅಮ್ಮನ ಕ್ಯಾನ್ಸರ್ ನಮಗೂ ಬರುತ್ತದೆಯೇ" ಎಂಬ ಭಯ ಅಲ್ಲಿಂದ ಹುಟ್ಟಿದ್ದು.

ಮೊದಲ ಸುತ್ತು

ಚಿಕಿತ್ಸೆಗೆ ಆರಿಸಿದ್ದು ಮೇಟ್ರಿಕ್ಸ್ ಎಂದು ಕರೆಯುವ ನಾಲ್ಕು ಔಷಧಗಳ ಕೂಟ: ಮೆಥೊಟ್ರೆಕ್ಸೇಟ್, ಸೈಟರಬಿನ್, ಥಿಯೊಟೆಪಾ, ರಿಟುಕ್ಸಿಮ್ಯಾಬ್. 2016ರಲ್ಲಿ ಪ್ರಕಟವಾದ ಐಇಎಲ್‌ಎಸ್‌ಜಿ32 ಪ್ರಯೋಗದಲ್ಲಿ ಮೊದಲೆರಡು ಔಷಧಗಳಷ್ಟೇ ಪಡೆದವರಲ್ಲಿ ಗಡ್ಡೆ ಪೂರ್ಣ ಮಾಯವಾದದ್ದು ಶೇ. 23 ಮಂದಿಗೆ, ರಿಟುಕ್ಸಿಮ್ಯಾಬ್ ಸೇರಿದಾಗ ಶೇ. 30, ನಾಲ್ಕೂ ಸೇರಿದಾಗ ಶೇ. 49. ಕೂಟ ಯಾವುದೇ ಇರಲಿ, ಬೆನ್ನೆಲುಬು ಮೆಥೊಟ್ರೆಕ್ಸೇಟ್. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ರೂಪಿಸಿದ, ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲ ವರದಿ ಮಾಡಿದ ಅಮಿನೋಪ್ಟೆರಿನ್‌ನ ಒಡಹುಟ್ಟು ಇದು. ಮುಕ್ಕಾಲು ಶತಮಾನ ಕಳೆದರೂ ಮೆದುಳಿನ ಲಿಂಫೋಮಾದಲ್ಲಿ ಇದನ್ನು ಕದಲಿಸುವ ಔಷಧ ಬಂದಿಲ್ಲ.

ಪ್ರಮಾಣದ ಮಾತು ಇಲ್ಲಿ ಮುಖ್ಯ. ಕೀಲುವಾತಕ್ಕೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ಈ ಮಹಿಳೆಯ ತೂಕ 58 ಕಿಲೋ, ಎತ್ತರ 156 ಸೆಂಟಿಮೀಟರ್, ಅಂದರೆ ಮೈಯ ಮೇಲ್ಮೈ ಸುಮಾರು 1.59 ಚದರ ಮೀಟರ್. ಚದರ ಮೀಟರಿಗೆ 3.5 ಗ್ರಾಂನಂತೆ ಆಕೆಗೆ ಬೇಕಾದದ್ದು ಸುಮಾರು 5.5 ಗ್ರಾಂ, ಅದೂ ಮೂರು ಗಂಟೆ ಚಿಲ್ಲರೆಯಲ್ಲಿ. ಸಾವಿರಗಟ್ಟಲೆ ಮಿಲಿಗ್ರಾಂ ಸುರಿಯುವುದು ರಕ್ತ ಮತ್ತು ಮೆದುಳಿನ ನಡುವಣ ತಡೆಯನ್ನು ದಾಟಿಸಲು. ಚದರ ಮೀಟರಿಗೆ 3 ಗ್ರಾಂಗಿಂತ ಕೆಳಗಿಳಿದರೆ ಮೆದುಳಿನೊಳಗೆ ಸಾಕಷ್ಟು ಔಷಧ ತಲುಪುತ್ತದೆಂಬ ಭರವಸೆ ಇರುವುದಿಲ್ಲ. ಮಗಳ ಪ್ರಶ್ನೆಗೆ ಉತ್ತರಿಸುವಾಗ ಈ ಸಂಖ್ಯೆ ತಲೆಯಲ್ಲಿರಬೇಕು.

ಇಷ್ಟು ಔಷಧ ಕೊಟ್ಟು ರೋಗಿಯನ್ನು ಬದುಕಿಸಿಕೊಳ್ಳುವ ಕ್ರಮವೂ ಔಷಧದಷ್ಟೇ ಮುಖ್ಯ. ಸಾಕಷ್ಟು ಡ್ರಿಪ್, ಮೂತ್ರದ ಪಿಎಚ್ 7ಕ್ಕಿಂತ ಮೇಲಿರುವಂತೆ ಬೈಕಾರ್ಬನೇಟ್, 24ನೆಯ ಗಂಟೆಯಿಂದ ಆರು ಗಂಟೆಗೊಮ್ಮೆ ಲ್ಯೂಕೊವೊರಿನ್ (ಮೆಥೊಟ್ರೆಕ್ಸೇಟ್‌ನ ಹೊಡೆತದಿಂದ ಆರೋಗ್ಯವಂತ ಕೋಶಗಳನ್ನು ಕಾಪಾಡುವ ಔಷಧ), ದಿನಾ ರಕ್ತದಲ್ಲಿ ಮೆಥೊಟ್ರೆಕ್ಸೇಟ್ ಮಟ್ಟದ ಅಳತೆ. ಸಾಮಾನ್ಯ ಗುರಿ ಹೀಗೆ: 24 ಗಂಟೆಗೆ 10 ಮೈಕ್ರೋಮೋಲಾರ್‌ಗಿಂತ ಕಡಿಮೆ, 48ಕ್ಕೆ 1, 72ಕ್ಕೆ 0.1.

ಆಕೆಯ ಅಂಕಿಗಳು 14, 2.6, 0.7. ಮೂತ್ರಪಿಂಡದ ಕೆಲಸ ಕುಗ್ಗಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್, ಮೊದಲು ಡೆಸಿಲೀಟರಿಗೆ 0.7 ಮಿಲಿಗ್ರಾಂ ಇದ್ದದ್ದು, ಎರಡನೆಯ ದಿನದ ಕೊನೆಗೆ 1.2ಕ್ಕೆ ಏರಿತು. ಸೈಟರಬಿನ್‌ನ ನಾಲ್ಕು ಡೋಸ್‌ಗಳಲ್ಲಿ ಎರಡು ಅಷ್ಟರಲ್ಲಿ ಹೋಗಿದ್ದವು. ಉಳಿದೆರಡನ್ನು ನಿಲ್ಲಿಸಿದರು, ಮೂತ್ರಪಿಂಡ ಸೋತಾಗ ಹೆಚ್ಚಿನ ಪ್ರಮಾಣದ ಸೈಟರಬಿನ್ ಕಿರುಮೆದುಳಿಗೆ ಪೆಟ್ಟು ಕೊಡುವ ಅಪಾಯ ಹೆಚ್ಚುತ್ತದೆ. ಥಿಯೊಟೆಪಾವನ್ನೂ ಬಿಟ್ಟರು. ಲ್ಯೂಕೊವೊರಿನ್ ಹಲವು ಪಟ್ಟು ಏರಿಸಿದರು. ರಕ್ತದಲ್ಲಿನ ಮೆಥೊಟ್ರೆಕ್ಸೇಟನ್ನು ಕತ್ತರಿಸಿಹಾಕುವ ಗ್ಲೂಕಾರ್ಪಿಡೇಸ್ ಎಂಬ ಕಿಣ್ವವಿದೆ, ಅಮೆರಿಕದ ಎಫ್‌ಡಿಎ ಅದನ್ನು ಒಪ್ಪಿದ್ದು 2012ರಲ್ಲಿ. ಆದರೆ ತಜ್ಞರ 2018ರ ಒಮ್ಮತದ ಪ್ರಕಾರ ಇಂಥ ಅಲ್ಪಾವಧಿ ಡ್ರಿಪ್‌ನಲ್ಲಿ ಅದನ್ನು ಬಳಸಲು 48 ಗಂಟೆಯ ಮಟ್ಟ 5 ಮೀರಿರಬೇಕು, ಜೊತೆಗೆ ಕ್ರಿಯಾಟಿನಿನ್ ಗಣನೀಯವಾಗಿ ಏರಿರಬೇಕು. ಇಲ್ಲಿ ಅಷ್ಟಾಗಿರಲಿಲ್ಲ. ಆರನೆಯ ದಿನ ಮಟ್ಟ 0.1ಕ್ಕಿಂತ ಕೆಳಗಿಳಿಯಿತು.

ತಡವಾಗಿದ್ದು ಏಕೆ

ವರದಿ ಬರುವ ಮುಂಚೆಯೇ ತಂಡದ ಔಷಧತಜ್ಞೆ ಕೇಸ್‌ಶೀಟನ್ನು ಮತ್ತೆ ಮೊದಲಿನಿಂದ ಓದಿದರು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಕೆಲಸ ಅದೇ, ಅದಕ್ಕೆ ಯಾವ ಪ್ರಯೋಗಾಲಯವೂ ಬೇಕಾಗಲಿಲ್ಲ.

ಬಯಾಪ್ಸಿಯ ನಂತರ ಡೆಕ್ಸಾಮೆಥಾಸೋನ್ ಶುರುವಾದಾಗ ಹೊಟ್ಟೆಯ ರಕ್ಷಣೆಗೆ ಪ್ಯಾಂಟೊಪ್ರಜೋಲ್ ಬರೆದಿದ್ದರು. ಮೆಥೊಟ್ರೆಕ್ಸೇಟ್ ಕೊಡುವ ದಿನಗಳಲ್ಲಿ ಅದನ್ನು ನಿಲ್ಲಿಸಬೇಕೆಂದು ಟಿಪ್ಪಣಿಯಲ್ಲಿತ್ತು, ಔಷಧದ ಚಾರ್ಟ್‌ನಲ್ಲಿ ನಿಂತಿರಲಿಲ್ಲ. ಈ ಗುಂಪಿನ ಮಾತ್ರೆಗಳು ಮೆಥೊಟ್ರೆಕ್ಸೇಟ್ ಹೊರಹೋಗುವುದನ್ನು ತಡಮಾಡಬಹುದೆಂಬ ಎಚ್ಚರಿಕೆ ಇದೆ. ಅದರ ಸಾಕ್ಷ್ಯ ಏಕಮುಖವೇನಲ್ಲ, ಆದರೆ ಬಿಟ್ಟರೆ ನಷ್ಟವಿಲ್ಲದ ಮಾತ್ರೆಯನ್ನು ಇಟ್ಟುಕೊಂಡು ವಾದ ಮಾಡುವುದರಲ್ಲಿ ಅರ್ಥವಿಲ್ಲ. ನ್ಯುಮೋನಿಯಾ ತಡೆಗೆಂದು ಇಂಥ ರೋಗಿಗಳಿಗೆ ಕೊಡುವ ಕೋಟ್ರೈಮೊಕ್ಸಜೋಲ್‌ನದು ಇನ್ನೂ ಗಟ್ಟಿಯಾದ ಅಪಾಯ. ಅದನ್ನು ಮಾತ್ರ ಸರಿಯಾಗಿ ನಿಲ್ಲಿಸಿದ್ದರು. ಎರಡನೆಯದಾಗಿ, ಮೊದಲ ರಾತ್ರಿ ಮೂತ್ರದ ಪಿಎಚ್ ಎರಡು ಬಾರಿ 6.5 ಎಂದು ದಾಖಲಾಗಿತ್ತು, ಬೈಕಾರ್ಬನೇಟ್ ಹೆಚ್ಚಿಸಿದ್ದು ಬೆಳಗ್ಗೆ. ಹುಳಿ ಮೂತ್ರದಲ್ಲಿ ಮೆಥೊಟ್ರೆಕ್ಸೇಟ್ ಹರಳುಗಟ್ಟುತ್ತದೆ, ಹರಳು ಮೂತ್ರಪಿಂಡದ ನಾಳಗಳನ್ನು ಕಟ್ಟುತ್ತದೆ, ಕಟ್ಟಿದ ಮೂತ್ರಪಿಂಡ ಔಷಧವನ್ನು ಇನ್ನಷ್ಟು ತಡೆದಿಡುತ್ತದೆ.

ಮೂರನೆಯದು ಹಳೆಯ ಕತೆ. ವರ್ಷಗಳ ಹಿಂದೆ ಕೊಲೆಸ್ಟರಾಲ್‌ಗೆಂದು ಸಿಮ್ವಾಸ್ಟಾಟಿನ್ ತೆಗೆದುಕೊಂಡಾಗ ಆಕೆಗೆ ತೊಡೆ, ಭುಜಗಳಲ್ಲಿ ವಿಪರೀತ ನೋವು ಬಂದು ಬಿಟ್ಟುಬಿಟ್ಟಿದ್ದರು. ಕ್ಯಾನ್ಸರಿಗೂ ಅದಕ್ಕೂ ಏನು ಸಂಬಂಧ ಎಂದು ಯಾರೂ ಅದನ್ನು ಬರೆದುಕೊಂಡಿರಲಿಲ್ಲ. ಸಂಬಂಧ ಇತ್ತು.

ಕೆಂಪು ಸಾಲುಗಳು

ವರದಿಯ ಮೊದಲ ಕೆಂಪು ಸಾಲು: ಎಸ್‌ಎಲ್‌ಸಿಒ1ಬಿ1 ಜೀನ್, 521ನೆಯ ಸ್ಥಾನ, ಟಿಸಿ. ಈ ಜೀನ್ ರಕ್ತದಿಂದ ಯಕೃತ್ತಿನ ಕೋಶದೊಳಕ್ಕೆ ಕೆಲವು ಔಷಧಗಳನ್ನು ಎಳೆದುಕೊಳ್ಳುವ ಪ್ರೋಟೀನನ್ನು ರೂಪಿಸುತ್ತದೆ. 521ರಲ್ಲಿ ಟಿ ಬದಲು ಸಿ ಬಂದರೆ ಪ್ರೋಟೀನಿನ 174ನೆಯ ಅಮೈನೋ ಆಮ್ಲ ವ್ಯಾಲಿನ್ ಹೋಗಿ ಅಲನಿನ್ ಆಗುತ್ತದೆ, ಎಳೆದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಆಕೆಗೆ ಒಂದು ಪ್ರತಿ ಟಿ, ಒಂದು ಪ್ರತಿ ಸಿ. 2008ರಲ್ಲಿ ಇದೇ ವ್ಯತ್ಯಾಸ ದಿನಕ್ಕೆ 80 ಮಿಲಿಗ್ರಾಂ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರಲ್ಲಿ ಸ್ನಾಯುರೋಗದ ಅಪಾಯವನ್ನು ಪ್ರತಿ ಸಿ ಪ್ರತಿಗೆ ನಾಲ್ಕೂವರೆ ಪಟ್ಟು ಹೆಚ್ಚಿಸುತ್ತದೆಂದು ತಿಳಿಯಿತು. ಮರುವರ್ಷ, 2009ರಲ್ಲಿ, ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಇದ್ದ ಮಕ್ಕಳ ಇಡೀ ಜೀನೋಮ್ ಜಾಲಾಡಿದ ಅಧ್ಯಯನವೊಂದು ಮೆಥೊಟ್ರೆಕ್ಸೇಟ್ ಎಷ್ಟು ಬೇಗ ಹೊರಹೋಗುತ್ತದೆ ಎಂಬುದರ ಜೊತೆ ಅದೇ ಜೀನ್ ಅನ್ನು ತಳುಕುಹಾಕಿತು. 2013ರಲ್ಲಿ ಬೇರೆ ಮಕ್ಕಳ ದೊಡ್ಡ ಗುಂಪಿನಲ್ಲಿ ಅದು ಮರುಕಳಿಸಿತು. ಔಷಧ-ಜೀನ್ ಸಂಶೋಧನೆಯಲ್ಲಿ ಹೀಗೆ ಮರುಕಳಿಸುವುದು ಅಪರೂಪ, ಆದ್ದರಿಂದ ಈ ಸಾಲಿಗೆ ನನ್ನಲ್ಲಿ ಗೌರವವಿದೆ.

ಆದರೆ ಪರಿಣಾಮದ ಗಾತ್ರವೂ ನೋಡಬೇಕು. ಮೆಥೊಟ್ರೆಕ್ಸೇಟ್‌ನ ಬಹುಪಾಲು ಬದಲಾಗದೆ ಮೂತ್ರದಲ್ಲಿ ಹೋಗುತ್ತದೆ. ಮೂತ್ರಪಿಂಡ ಹೆಬ್ಬಾಗಿಲಾದರೆ ಯಕೃತ್ತು ಹಿತ್ತಿಲ ಬಾಗಿಲು. ಹಿತ್ತಿಲ ಬಾಗಿಲು ಅರ್ಧ ಮುಚ್ಚಿದರೆ ತುಸು ತಡವಾಗಬಹುದು, ಹೆಬ್ಬಾಗಿಲ ಮುಂದೆ ಹರಳು ಬಿದ್ದರೆ ಆಗುವ ಅನಾಹುತವೇ ಬೇರೆ. ಟಿಸಿ ಇರುವ ಅಸಂಖ್ಯ ಜನ ಯಾವ ತೊಂದರೆಯೂ ಇಲ್ಲದೆ ಈ ಚಿಕಿತ್ಸೆ ಮುಗಿಸುತ್ತಾರೆ.

ಎರಡನೆಯ ಕೆಂಪು ಸಾಲು: ಎಂಟಿಎಚ್‌ಎಫ್‌ಆರ್ 677, ಟಿಟಿ, ಅಂದರೆ ಆ ಸ್ಥಾನದಲ್ಲಿ ಎರಡೂ ಪ್ರತಿ ಟಿ. ಅಂತರ್ಜಾಲದಲ್ಲಿ ಈ ಜೀನ್‌ನಷ್ಟು ಹೆಸರು ಕೆಡಿಸಿಕೊಂಡದ್ದು ಮತ್ತೊಂದಿಲ್ಲ. ದಣಿವು, ಖಿನ್ನತೆ, ಗರ್ಭಪಾತ, ಏನಿದ್ದರೂ ಇದರ ತಲೆಗೆ ಕಟ್ಟುತ್ತಾರೆ. ರಕ್ತ ಹೆಪ್ಪುಗಟ್ಟುವ ತೊಂದರೆಯ ತಪಾಸಣೆಯಲ್ಲಿ ಇದನ್ನು ಪರೀಕ್ಷಿಸಲೇಬೇಡಿ ಎಂದು ಅಮೆರಿಕದ ವೈದ್ಯಕೀಯ ತಳಿಶಾಸ್ತ್ರ ಕಾಲೇಜು 2013ರಲ್ಲೇ ಹೇಳಿತು. ಆದರೆ ಮೆಥೊಟ್ರೆಕ್ಸೇಟ್ ಫೋಲೇಟ್ ಎಂಬ ಬಿ ವಿಟಮಿನ್ನಿನ ಚಕ್ರವನ್ನು ತಡೆಯುವ ಔಷಧ, ಎಂಟಿಎಚ್‌ಎಫ್‌ಆರ್ ಅದೇ ಚಕ್ರದ ಕಿಣ್ವ. ಹಾಗಾಗಿ ಇಲ್ಲಿ ತಳ್ಳಿಹಾಕುವಂತಿಲ್ಲ. ಟಿಟಿ ಇದ್ದವರಲ್ಲಿ ಕಿಣ್ವದ ಕಸುವು ಸುಮಾರು ಶೇ. 30ಕ್ಕೆ ಇಳಿದಿರುತ್ತದೆ. ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಮೆಥಿಯೊನಿನ್ ಎಂಬ ಇನ್ನೊಂದಾಗಿ ಬದಲಿಸಲು ಬೇಕಾದ ಮೀಥೈಲ್ ಫೋಲೇಟ್ ಕಡಿಮೆಯಾಗುತ್ತದೆ. ಮೆಥೊಟ್ರೆಕ್ಸೇಟ್ ಕೂಡ ಅದನ್ನೇ ಬರಿದುಮಾಡುತ್ತದೆ. ಮೆದುಳಿನ ಬಿಳಿ ದ್ರವ್ಯಕ್ಕೆ, ಅಂದರೆ ನರತಂತುಗಳಿರುವ ಭಾಗಕ್ಕೆ, ಮೀಥೈಲ್ ಗುಂಪುಗಳು ಬೇಕು, ಏರಿದ ಹೋಮೋಸಿಸ್ಟೀನ್ ನರಗಳಿಗೆ ಒಳ್ಳೆಯದಲ್ಲ. ಎರಡೂ ಪೆಟ್ಟು ಒಟ್ಟಿಗೆ ಬಿದ್ದರೆ ಬಿಳಿ ದ್ರವ್ಯ ಹಾಳಾಗಬಹುದೆಂಬುದು ತರ್ಕ.

ಈ ತರ್ಕಕ್ಕೆ ಮೆದುಳಿನ ಲಿಂಫೋಮಾ ರೋಗಿಗಳಿಂದಲೇ ಬಂದ ಆಧಾರವೂ ಇದೆ. ಮೆಥೊಟ್ರೆಕ್ಸೇಟ್ ಪಡೆದವರಲ್ಲಿ ಬಿಳಿ ದ್ರವ್ಯದ ಬದಲಾವಣೆಗೂ ಮೆಥಿಯೊನಿನ್ ಚಯಾಪಚಯದ ಜೀನ್ ವ್ಯತ್ಯಾಸಗಳಿಗೂ ನಂಟಿದೆಯೆಂದು ಜರ್ಮನಿಯ ಸಂಶೋಧಕರು 2005ರಲ್ಲಿ ವರದಿ ಮಾಡಿದರು. 2012ರಲ್ಲಿ ಬಿ12 ಸಾಗಿಸುವ ಟ್ರಾನ್ಸ್‌ಕೊಬಾಲಮಿನ್ ಜೀನ್‌ನ 776ನೆಯ ಸ್ಥಾನದ ವ್ಯತ್ಯಾಸಕ್ಕೂ ಈ ರೋಗಿಗಳು ಬದುಕುಳಿಯುವ ಅವಧಿಗೂ ನಂಟು ತೋರಿಸಿದ ಪ್ರಬಂಧ ಬಂತು.

ಹಾಗಿದ್ದರೆ ಮಗಳು ಹೇಳಿದ್ದು ಸರಿಯಲ್ಲವೇ?

ಸಾಕ್ಷ್ಯದ ತೂಕ

ಮೆದುಳಿನ ಪ್ರಾಥಮಿಕ ಲಿಂಫೋಮಾ ಅಪರೂಪದ ರೋಗ. ಮೆದುಳಿನಲ್ಲೇ ಹುಟ್ಟುವ ಗಡ್ಡೆಗಳಲ್ಲಿ ನೂರಕ್ಕೆ ನಾಲ್ಕರಷ್ಟು. ಜರ್ಮನಿಯ ಬೃಹತ್ ಪ್ರಯೋಗವಾದ ಜಿ-ಪಿಸಿಎನ್‌ಎಸ್‌ಎಲ್-ಎಸ್‌ಜಿ1ರಲ್ಲಿ 551 ರೋಗಿಗಳನ್ನು ಸೇರಿಸಲು 2000ದಿಂದ 2009ರವರೆಗೆ ಬೇಕಾಯಿತು. ರೋಗವೇ ಇಷ್ಟು ವಿರಳವಾದಾಗ, ಡಿಎನ್‌ಎ ಮಾದರಿ ಇಟ್ಟವರು ಇನ್ನೂ ಕಡಿಮೆಯಾದಾಗ, ಅವರಲ್ಲಿ ಟಿಟಿ ಇರುವವರು ಬೆರಳೆಣಿಕೆಗೆ ಇಳಿದಾಗ, ಒಬ್ಬಿಬ್ಬರು ಬೇಗ ತೀರಿಕೊಂಡರೆ ಸಾಕು, ಬದುಕುಳಿದವರ ರೇಖಾಚಿತ್ರದ ಗೆರೆ ಜಾರಿಬೀಳುತ್ತದೆ.

ಇನ್ನೊಂದು ಲೆಕ್ಕವನ್ನು ವೈದ್ಯರು ಮಗಳೆದುರು ಕಾಗದದ ಮೇಲೇ ಬರೆದು ತೋರಿಸಿದರು. ಯಾವ ಪರಿಣಾಮವೂ ಇಲ್ಲದ ಇಪ್ಪತ್ತು ಜೀನ್ ವ್ಯತ್ಯಾಸಗಳನ್ನು ಒಂದೊಂದಾಗಿ, ಶೇ. 5ರ ಮಿತಿ ಇಟ್ಟುಕೊಂಡು ಪರೀಕ್ಷಿಸಿದರೂ, ಒಂದಾದರೂ "ಮಹತ್ವದ್ದು" ಎಂದು ತೋರುವ ಸಂಭವ ಶೇ. 64. ಚಿಕ್ಕ ಗುಂಪುಗಳಲ್ಲಿ ಹಲವು ಜೀನ್ ನೋಡಿದ ಪ್ರಬಂಧಗಳನ್ನು ಓದುವಾಗ ಈ ಸಂಖ್ಯೆ ಮರೆಯಬಾರದು. ಇದರ ಮೇಲೆ ಒಂದು ಕೇಂದ್ರದಲ್ಲಿ ಚದರ ಮೀಟರಿಗೆ 3.5 ಗ್ರಾಂ, ಇನ್ನೊಂದರಲ್ಲಿ 8 ಗ್ರಾಂ, ಒಂದೆಡೆ ವಿಕಿರಣ ಉಂಟು, ಇನ್ನೊಂದೆಡೆ ಇಲ್ಲ. ವಯಸ್ಸು ಮತ್ತು ರೋಗಿಯ ಓಡಾಟದ ಶಕ್ತಿ, ಇವೆರಡೇ ಫಲಿತಾಂಶವನ್ನು ಎಷ್ಟು ಎಳೆದಾಡುತ್ತವೆಂದರೆ, ಜೀನ್‌ನ ಸಣ್ಣ ದನಿ ಅದರಡಿ ಕೇಳಿಸುವುದೇ ಕಷ್ಟ.

ತರ್ಕದ ಬಗ್ಗೆಯೂ ಒಂದು ಮಾತು. ಎಂಟಿಎಚ್‌ಎಫ್‌ಆರ್ ದುರ್ಬಲವಾದರೆ ಮೆಥಿಯೊನಿನ್ ದಾರಿಗೆ ಫೋಲೇಟ್ ಕಡಿಮೆ ಹೋಗುತ್ತದೆ, ಸರಿ. ಹಾಗೆ ಉಳಿದ ಫೋಲೇಟ್ ಡಿಎನ್‌ಎ ಕಟ್ಟುವ ದಾರಿಗೆ ಹೆಚ್ಚು ಸಿಗುತ್ತದೆ, ಅದು ಬಾಯಿಯ ಪೊರೆಯನ್ನು ಕಾಪಾಡಲೂಬಹುದು, ಗಡ್ಡೆಯನ್ನು ಕಾಪಾಡಲೂಬಹುದು. ಒಂದೇ ವ್ಯತ್ಯಾಸದಿಂದ ವಿರುದ್ಧ ದಿಕ್ಕಿನ ಎರಡು ಕತೆ ಹೇಳಲು ಸಾಧ್ಯವಾದರೆ, ಕತೆ ಚೆನ್ನಾಗಿದೆ ಎಂಬ ಕಾರಣಕ್ಕೆ ಡೋಸ್ ಬದಲಿಸಬಾರದು.

ನನಗೆ ಎಲ್ಲಕ್ಕಿಂತ ತೂಕದ್ದೆನಿಸುವ ಆಕ್ಷೇಪ ಬೇರೆ. ಮೆದುಳಿನ ಲಿಂಫೋಮಾದಲ್ಲಿ ಮೆಥೊಟ್ರೆಕ್ಸೇಟ್‌ಗೆ ದೇಹ ಒಟ್ಟು ಎಷ್ಟು ಒಡ್ಡಿಕೊಂಡಿತು ಎಂಬ ಅಳತೆ, ಅಂದರೆ ರಕ್ತದ ಮಟ್ಟ ಮತ್ತು ಸಮಯದ ಗೆರೆಯಡಿಯ ವಿಸ್ತೀರ್ಣ, ಹೆಚ್ಚಿದ್ದವರ ಫಲಿತಾಂಶ ಉತ್ತಮವೆಂದು 2004ರಲ್ಲೇ ವರದಿಯಾಗಿದೆ. ಆ ಅಧ್ಯಯನದಲ್ಲಿ ಮೂತ್ರಪಿಂಡ ತುಸು ನಿಧಾನವಾಗಿದ್ದವರು ಹೆಚ್ಚು ಕಾಲ ಬದುಕಿದ್ದರು. ಈಗ ಯೋಚಿಸಿ: ಔಷಧವನ್ನು ನಿಧಾನವಾಗಿ ಬಿಡುವ ಜೀನ್ ಬಾಯಿಗೆ ಹುಣ್ಣು ತರುವಾಗಲೇ ಗಡ್ಡೆಗೂ ಹೆಚ್ಚು ಔಷಧ ಉಣಿಸುತ್ತಿರಬಹುದು. "ಕೆಟ್ಟ ಜೀನ್" ಎಂಬ ಕೆಂಪು ಬಣ್ಣ ಯಾರ ದೃಷ್ಟಿಯಿಂದ ಕೆಟ್ಟದ್ದು? ಡೋಸ್ ಇಳಿಸಿದರೆ ಹುಣ್ಣು ಕಡಿಮೆಯಾಗುವುದು ಖಂಡಿತ, ಗಡ್ಡೆ ಉಳಿಯುವುದೂ ಅಷ್ಟೇ ಸಾಧ್ಯ. ಎರಡನೆಯದಕ್ಕೆ ಮರುಅವಕಾಶವಿಲ್ಲ.

ಸ್ಟ್ಯಾಟಿನ್‌ಗಳಿಗೆ ಎಸ್‌ಎಲ್‌ಸಿಒ1ಬಿ1 ಆಧರಿಸಿ ಔಷಧ ಆರಿಸುವ, ಸಿಪಿಐಸಿ ಎಂಬ ಔಷಧ-ಜೀನ್ ತಜ್ಞರ ಒಕ್ಕೂಟದ ಮಾರ್ಗಸೂಚಿ ಇದೆ. ಮೆಥೊಟ್ರೆಕ್ಸೇಟ್‌ಗೆ ಅಂಥದ್ದಿಲ್ಲ. ವರದಿಯಲ್ಲಿ ಎರಡಕ್ಕೂ ಒಂದೇ ಕೆಂಪು ಬಳಿದಿದ್ದರು.

ತೆಗೆದುಕೊಂಡ ನಿರ್ಧಾರ

ಪ್ರಮಾಣ ಇಳಿಸಲಿಲ್ಲ. ಕ್ರಿಯಾಟಿನಿನ್ ಮತ್ತೆ 0.7ಕ್ಕೆ ಬಂದು, ಲೆಕ್ಕ ಹಾಕಿದ ಕ್ಲಿಯರೆನ್ಸ್, ಅಂದರೆ ಮೂತ್ರಪಿಂಡ ರಕ್ತ ಶೋಧಿಸುವ ವೇಗ, ನಿಮಿಷಕ್ಕೆ 76 ಮಿಲಿಲೀಟರ್ ಆಗಿತ್ತು. ಬಾಯಿ ವಾಸಿಯಾಗಿತ್ತು. ಈ ಎರಡರಲ್ಲಿ ಒಂದು ಆಗದಿದ್ದರೂ ಸುತ್ತನ್ನು ಮುಂದೂಡುತ್ತಿದ್ದರು ಅಥವಾ ಡೋಸ್ ಕಡಿತಗೊಳಿಸುತ್ತಿದ್ದರು, ಜೀನ್ ಏನೇ ಹೇಳಲಿ. ಇಂದಿನ ಕ್ರಿಯಾಟಿನಿನ್ ಇಂದಿನ ದೇಹದ ಸಂಗತಿ ಹೇಳುತ್ತದೆ, ಜೀನ್ ಹೇಳುವುದು ಸಾವಿರಾರು ಜನರ ಸರಾಸರಿಯಲ್ಲಿ ಕಂಡ ಒಲವನ್ನು.

ಆದರೆ ವರದಿಯನ್ನು ಕಪಾಟಿಗೂ ಹಾಕಲಿಲ್ಲ. ಪ್ಯಾಂಟೊಪ್ರಜೋಲ್ ಅನ್ನು ಚಾರ್ಟ್‌ನಿಂದಲೇ ಅಳಿಸಿದರು. ಮೂತ್ರದ ಪಿಎಚ್ 7 ದಾಟಿದ ಮೇಲೆಯೇ ಡ್ರಿಪ್ ಶುರುವಾಗಬೇಕು, ರಾತ್ರಿ ಪಾಳಿಯ ದಾದಿಯೇ ಬೈಕಾರ್ಬನೇಟ್ ಏರಿಸಬಹುದು ಎಂದು ಲಿಖಿತ ಸೂಚನೆ ಕೊಟ್ಟರು. ಮಟ್ಟದ ಅಳತೆಗೆ 36ನೆಯ ಗಂಟೆಯನ್ನೂ ಸೇರಿಸಿದರು. ಯಾವ ಮಟ್ಟಕ್ಕೆ ಎಷ್ಟು ಲ್ಯೂಕೊವೊರಿನ್ ಎಂಬುದನ್ನು ಮುಂಚಿತವಾಗಿ ಬರೆದಿಟ್ಟರು. ಗ್ಲೂಕಾರ್ಪಿಡೇಸ್ ಎಷ್ಟು ಗಂಟೆಯಲ್ಲಿ ತರಿಸಬಹುದೆಂದು ಕೇಳಿಟ್ಟುಕೊಂಡರು. ಅದು ತಡವಾಗಿ ಬಂದರೆ ಪ್ರಯೋಜನವಿಲ್ಲ, ಕೋಶಗಳ ಒಳಗಿಳಿದ ಮೆಥೊಟ್ರೆಕ್ಸೇಟನ್ನು ಅದು ಮುಟ್ಟುವುದಿಲ್ಲ. ಅದನ್ನು ಕೊಟ್ಟ ಮೇಲೆ ಎರಡು ದಿನ ಸಾಮಾನ್ಯ ರಕ್ತಪರೀಕ್ಷೆ (ಇಮ್ಯುನೊಅಸ್ಸೇ) ತೋರಿಸುವ ಮಟ್ಟವನ್ನು ನಂಬುವಂತಿಲ್ಲ ಎಂಬುದನ್ನೂ ಸೂಚನೆಯಲ್ಲಿ ಸೇರಿಸಿದರು.

ಟಿಟಿ ಸಾಲಿನಿಂದಾಗಿ ಹೋಮೋಸಿಸ್ಟೀನ್, ಬಿ12 ನೋಡಿದರು. ಬಿ12 ಕಡಿಮೆ ಇತ್ತು, ಚುಚ್ಚುಮದ್ದು ಕೊಟ್ಟರು. ಜೀನ್ ವರದಿ ಇಲ್ಲದಿದ್ದರೂ ಇದನ್ನು ನೋಡಬೇಕಿತ್ತು ಎಂದು ನನ್ನ ಅನಿಸಿಕೆ. ಕೇಂದ್ರೀಯ ಅಭಿಧಮನಿಗೆ ಪೋರ್ಟ್ ಹಾಕಿಸುವ ಅರಿವಳಿಕೆ ಚೀಟಿಯಲ್ಲಿ ನೈಟ್ರಸ್ ಆಕ್ಸೈಡ್ ಬೇಡವೆಂದು ಬರೆದರು. ಆ ಅನಿಲ ಬಿ12ರ ಕೋಬಾಲ್ಟ್ ಅನ್ನು ಉತ್ಕರ್ಷಿಸಿ ಮೆಥಿಯೊನಿನ್ ಸಿಂಥೇಸ್ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಗುರುತಿಸದೆ ಉಳಿದಿದ್ದ ತೀವ್ರ ಎಂಟಿಎಚ್‌ಎಫ್‌ಆರ್ ಕೊರತೆಯ ಮಗುವೊಂದು ಅದರ ಅರಿವಳಿಕೆಯ ನಂತರ ಸತ್ತ ಪ್ರಕರಣ 2003ರಲ್ಲಿ ಪ್ರಕಟವಾಗಿದೆ. ಆ ಕೊರತೆಗೂ 677 ಟಿಟಿಗೂ ಅಜಗಜಾಂತರ. ಆದರೂ ಫೋಲೇಟ್ ಚಕ್ರವನ್ನು ಔಷಧದಿಂದ ಬಿಗಿಹಿಡಿದ ರೋಗಿಗೆ ಬದಲಿ ಅರಿವಳಿಕೆ ಇರುವಾಗ ಅದೇ ಅನಿಲ ಏಕೆ?

ಇನ್ನೊಂದು ಸಂಗತಿ ಆಕಸ್ಮಿಕವಾಗಿ ತಿಳಿಯಿತು. ಎಂಟಿಎಚ್‌ಎಫ್‌ಆರ್ ಬಗ್ಗೆ ಓದಿದ ಮಗಳು ಮೀಥೈಲ್ ಫೋಲೇಟ್ ಮಾತ್ರೆ ತರಿಸಿ, ಎರಡನೆಯ ಸುತ್ತಿನ ದಿನದಿಂದ ಕೊಡಲು ಸಿದ್ಧಮಾಡಿಟ್ಟಿದ್ದಳು. ಪ್ರೀತಿಯಿಂದ ಮಾಡಿದ್ದೇ, ಆದರೆ ಅಪಾಯದ್ದು. ಮೆಥೊಟ್ರೆಕ್ಸೇಟ್ ಕಟ್ಟಿಹಾಕುವ ಕಿಣ್ವವನ್ನು ಬಳಸಿ ಸಾಗುವ ದಾರಿಯನ್ನೇ ಈ ಮಾತ್ರೆ ತಪ್ಪಿಸಿ ಹಾದುಹೋಗುತ್ತದೆ. ಲ್ಯೂಕೊವೊರಿನ್ ಮಾಡುವುದೂ ಅದನ್ನೇ, ಆದರೆ ಅದು ಗಡ್ಡೆಗೆ 24 ಗಂಟೆ ಪೆಟ್ಟು ಬಿದ್ದ ನಂತರ, ಅಳೆದು ತೂಗಿ. "ಇದು ಮೊದಲ ಗಂಟೆಯಿಂದಲೇ ಗಡ್ಡೆಗೂ ಊಟ ಹಾಕಿದಂತಾಗುತ್ತದಮ್ಮಾ, ಸದ್ಯಕ್ಕೆ ಮುಟ್ಟಬೇಡಿ" ಎಂದು ವೈದ್ಯರು ಹೇಳಿದರು. ಜೀನ್ ವರದಿ ನೇರವಾಗಿ ಹಾನಿ ಮಾಡಬಹುದಾಗಿದ್ದ ಜಾಗ ಇದೊಂದೇ.

ಮುಂದಿನ ಸುತ್ತುಗಳು

ಎರಡನೆಯ ಸುತ್ತು, ಅದೇ 3.5 ಗ್ರಾಂ. ಮಟ್ಟಗಳು 24 ಗಂಟೆಗೆ 9, 48ಕ್ಕೆ 1.1, 72ಕ್ಕೆ 0.2, ನಾಲ್ಕನೆಯ ದಿನ 0.1ಕ್ಕಿಂತ ಕೆಳಗೆ. ಕ್ರಿಯಾಟಿನಿನ್ 0.8 ದಾಟಲಿಲ್ಲ. ಬಾಯಿ ತುಸು ಉರಿಯಿತು, ಅಷ್ಟೆ. ಸೈಟರಬಿನ್‌ನ ನಾಲ್ಕೂ ಡೋಸ್, ಥಿಯೊಟೆಪಾ ಕೊಡಲು ಸಾಧ್ಯವಾಯಿತು.

ಜೀನ್ ಅದೇ, ಡೋಸ್ ಅದೇ, ಆದರೂ ತಡದ ದೊಡ್ಡ ಪಾಲು ಹೋಯಿತು. ಉಳಿದ ಸ್ವಲ್ಪ ತಡ ಎಸ್‌ಎಲ್‌ಸಿಒ1ಬಿ1ನದು ಎನ್ನಲು ಆಸೆಯಾಗುತ್ತದೆ. ಆದರೆ ಒಬ್ಬ ರೋಗಿಯ ಎರಡು ಸುತ್ತುಗಳಿಂದ ಅದನ್ನು ಸಾಧಿಸಲಾಗದು, 62ರ ಮೂತ್ರಪಿಂಡವೂ ಅಷ್ಟು ತಡಮಾಡಬಲ್ಲದು. ಮೂರನೆಯ, ನಾಲ್ಕನೆಯ ಸುತ್ತುಗಳಲ್ಲಿ ಲ್ಯೂಕೊವೊರಿನ್ ಒಂದು ದಿನ ಹೆಚ್ಚು ಕೊಡುವುದೆಂದು ಮೊದಲೇ ಗೊತ್ತುಮಾಡಿಕೊಂಡರು. ಎರಡು ಸುತ್ತುಗಳ ನಂತರದ ಎಂಆರ್‌ಐಯಲ್ಲಿ ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತ್ತು, ನಾಲ್ಕರ ನಂತರ ಕಾಣಲಿಲ್ಲ.

ರೋಗ ಮರುಕಳಿಸದಂತೆ ಮುಂದಿನ ಹೆಜ್ಜೆ ಇಡೀ ಮೆದುಳಿಗೆ ವಿಕಿರಣವೋ, ಹೆಚ್ಚಿನ ಪ್ರಮಾಣದ ಥಿಯೊಟೆಪಾ ಆಧಾರಿತ ಕೀಮೋಥೆರಪಿಯ ಬೆನ್ನಿಗೆ ಆಕೆಯದೇ ಕಾಂಡಕೋಶಗಳ ಮರುಪೂರಣವೋ? ಐಇಎಲ್‌ಎಸ್‌ಜಿ32ರ ಎರಡನೆಯ ಹಂತದಲ್ಲಿ ಎರಡರ ನಡುವೆ ರೋಗದ ಹತೋಟಿಯಲ್ಲಿ ಎದ್ದುಕಾಣುವ ಅಂತರ ಕಾಣಲಿಲ್ಲ, ಆದರೆ ನೆನಪು, ಗಮನಶಕ್ತಿಗಳ ಮೇಲೆ ವಿಕಿರಣದ ಹೊರೆ ಹೆಚ್ಚು. ಬಿಳಿ ದ್ರವ್ಯದ ವಿಷಯದಲ್ಲಿ ಶಂಕೆ ಹುಟ್ಟಿಸಿದ ಟಿಟಿ ಸಾಲನ್ನು ನೆನೆದು ಮಗಳು "ವಿಕಿರಣ ಬೇಡ ಅಲ್ಲವೇ" ಎಂದಳು. ಬೇಡವೆಂದೇ ನಿರ್ಧಾರವಾಯಿತು, ಆದರೆ ಆ ಸಾಲು ಇಲ್ಲದಿದ್ದರೂ ಈ ವಯಸ್ಸಿನಲ್ಲಿ ಅದೇ ನಿರ್ಧಾರವಾಗುತ್ತಿತ್ತು. ಥಿಯೊಟೆಪಾವನ್ನು ದೇಹದಲ್ಲಿ ಬದಲಿಸುವ ಕಿಣ್ವಗಳಲ್ಲೂ ಜೀನ್ ವ್ಯತ್ಯಾಸಗಳಿವೆ, ಅವನ್ನು ನೋಡಿ ಡೋಸ್ ಬದಲಿಸುವ ರೂಢಿ ಇಲ್ಲ. ಕಾಂಡಕೋಶ ಚಿಕಿತ್ಸೆ ದೊಡ್ಡ ವಿಘ್ನವಿಲ್ಲದೆ ಮುಗಿಯಿತು.

ವರ್ಷದ ನಂತರದ ಎಂಆರ್‌ಐಯಲ್ಲಿ ಗಡ್ಡೆಯಿಲ್ಲ. ದ್ರವಕೋಷ್ಠಗಳ ಸುತ್ತ ಬಿಳಿ ದ್ರವ್ಯದಲ್ಲಿ ತೆಳುವಾದ ಬದಲಾವಣೆ ಕಂಡಿದೆ, ಮೆಥೊಟ್ರೆಕ್ಸೇಟ್ ಪಡೆದ ಅನೇಕರಲ್ಲಿ ಕಾಣುವಂಥದ್ದೇ. ನೆನಪಿನ ಪರೀಕ್ಷೆಯಲ್ಲಿ ಕೆಳಮುಖದ ಸೂಚನೆ ಇಲ್ಲ. ಆಕೆಯ ಕಡತದ ಮೊದಲ ಪುಟದಲ್ಲಿ ಈಗ ಮೂರು ಸೂಚನೆಗಳಿವೆ: ಮೆಥೊಟ್ರೆಕ್ಸೇಟ್ ಮತ್ತೆ ಬೇಕಾದರೆ ಮೊದಲ ಸುತ್ತಿನ ಅಂಕಿಗಳನ್ನು ನೋಡಿ, ಸಿಮ್ವಾಸ್ಟಾಟಿನ್ ಬೇಡ, ಅರಿವಳಿಕೆಗೆ ಮುನ್ನ ಬಿ12 ನೋಡಿ.

ಕೊನೆಯ ಭೇಟಿಗೆ ಆಕೆಯ ತಮ್ಮನೂ ಜೊತೆಗೆ ಬಂದಿದ್ದರು. ಅಕ್ಕನ ವರದಿ ಓದಿ, ತಾವೂ ಎಲ್ಲ ಜೀನ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದರು. ಲಿಂಫೋಮಾದ ಮಟ್ಟಿಗೆ ಬೇಡ, ಎಂಟಿಎಚ್‌ಎಫ್‌ಆರ್‌ಗೆ ಖಂಡಿತ ಬೇಡ ಎಂದು ವೈದ್ಯರು ಹೇಳಿ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಆರು ವರ್ಷಗಳಿಂದ ದಿನಕ್ಕೆ 20 ಮಿಲಿಗ್ರಾಂ ಸಿಮ್ವಾಸ್ಟಾಟಿನ್. ಅಕ್ಕನಲ್ಲಿರುವ ಸಿ ಪ್ರತಿ ತಮ್ಮನಲ್ಲೂ ಇರುವ ಸಂಭವ ಕನಿಷ್ಠ ಅರ್ಧದಷ್ಟು. ಆದರೆ ಆರು ವರ್ಷಗಳಲ್ಲಿ ಒಮ್ಮೆಯೂ ಸ್ನಾಯುನೋವು ಬಂದಿರಲಿಲ್ಲ. ಮಾತ್ರೆ ಬದಲಿಸಲಿಲ್ಲ, ಪರೀಕ್ಷೆಯನ್ನೂ ಬರೆಯಲಿಲ್ಲ. ಮುಂದೆ ಯಾರಾದರೂ ಡೋಸ್ ಏರಿಸಲು ಹೊರಟರೆ, ಅಥವಾ ತೊಡೆ ಭುಜ ನೋಯಲು ಶುರುವಾದರೆ, ಅಕ್ಕನ ಈ ಹಾಳೆಯನ್ನು ತೋರಿಸಿ ಎಂದು ಅದರ ನಕಲು ಪ್ರತಿ ಕೊಟ್ಟು ಕಳಿಸಿದರು.